ಮಲಗಿಸುವವರು, ಮಲಗುವವರು

ನಮ್ಮ ಚಿಕ್ಕಂದಿನಲ್ಲಿ ಮನೆಯ ದೊಡ್ಡವರೆಲ್ಲ ಮಂಕುಬೂದಿಯ ಬಗ್ಗೆ ಬಹಳ ಮಾತಾಡುತ್ತಿದ್ದರು. ಅದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಆದರೆ ಅದರ ಗುಣ ಎಲ್ಲರಿಗೂ ಗೊತ್ತಿತ್ತು. ಗುರುತಿಲ್ಲದವನೊಬ್ಬ ಬಂದು ಮುಖಕ್ಕೆ ಒಂದು ಚಿಟಿಕೆ ಊದಿದನೆಂದರೆ ಮುಗಿಯಿತು. ಬಳೆ, ಸರ, ಟ್ರಂಕಿನ ಬೀಗದ ಕೈ ಎಲ್ಲವನ್ನೂ ನಾವೇ ಎತ್ತಿ ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿಯೂ ಬರುತ್ತೇವೆ. ಜಾತ್ರೆಗೆ ಹೊರಟ ಮಕ್ಕಳಿಗೆ ಅಜ್ಜಿ ಹೇಳುತ್ತಿದ್ದ ಮಾತೂ ಅದೇ: “ಯಾರ ಕಣ್ಣನ್ನೂ ನೆಟ್ಟು ನೋಡ್ಬೇಡ್ರೋ.” ಜಾತ್ರೆಯಲ್ಲಿ ಬಳೆ ಅಂಗಡಿಯವನನ್ನೂ ಬತ್ತಾಸಿನವನನ್ನೂ ನಾವು ಓರೆಗಣ್ಣಲ್ಲೇ ನೋಡಿ ಬರುತ್ತಿದ್ದೆವು.

ಸಮ್ಮೋಹನದ, ಅಂದರೆ ಹಿಪ್ನಾಟಿಸಂನ ಮಾತು ಬಂದಾಗಲೆಲ್ಲ ನನಗೆ ಆ ಬೂದಿ ನೆನಪಾಗುತ್ತದೆ. ಎಲ್ಲಿಯ ಮಂಕುಬೂದಿ, ಎಲ್ಲಿಯ ಹಿಪ್ನಾಟಿಸಂ ಅನ್ನುತ್ತೀರಾ? ಎರಡರ ಹಿಂದಿರುವ ಭಯ ಒಂದೇ. ಇನ್ನೊಬ್ಬನ ಕಣ್ಣಿನಲ್ಲಿ, ಕೈಯಲ್ಲಿ, ಮುಷ್ಟಿಯೊಳಗಿನ ಪುಡಿಯಲ್ಲಿ ಏನೋ ಶಕ್ತಿ ಇದೆ, ಅದು ನಮ್ಮೊಳಗೆ ನುಗ್ಗಿ ಯಜಮಾನನಾಗಿಬಿಡುತ್ತದೆ ಎಂಬ ಭಯ. ಸಮ್ಮೋಹನ ಚಿಕಿತ್ಸೆ ಮಾಡುವ ಪರಿಚಯದವರೊಬ್ಬರಿದ್ದಾರೆ. ಅವರ ಬಳಿಗೆ ಬರುವವರು ತಮ್ಮ ಕಾಯಿಲೆ ಹೇಳುವ ಮೊದಲು ಕೇಳುವುದು, “ಸಾರ್, ನೀವು ಎಬ್ಬಿಸೋಕೆ ಮರೆತುಬಿಟ್ರೆ ನಮ್ಮ ಗತಿ ಏನು?” ಎಂದೇ ಅಂತೆ. ಅವರು ನಗದೆ ಉತ್ತರ ಕೊಡುತ್ತಾರೆ. ಏನೂ ಆಗುವುದಿಲ್ಲ, ಸ್ವಲ್ಪ ಹೊತ್ತಿಗೆ ತಾವಾಗಿಯೇ ಕಣ್ಣು ಬಿಡುತ್ತೀರಿ, ಇಲ್ಲವೇ ಮಾಮೂಲಿ ನಿದ್ದೆಗೆ ಜಾರಿ ಕಾಫಿಯ ಹೊತ್ತಿಗೆ ಏಳುತ್ತೀರಿ. ನನಗೆ ಹೆಚ್ಚು ಹಿಡಿಸಿದ್ದು ಅವರು ಸೇರಿಸುವ ಇನ್ನೊಂದು ಮಾತು. “ನಾನು ಯಾರನ್ನೂ ಮಲಗಿಸೋದಿಲ್ಲ, ಅವರೇ ಮಲಗ್ತಾರೆ. ನಾನು ಪಕ್ಕದಲ್ಲಿ ಕೂತಿರ್ತೀನಿ ಅಷ್ಟೆ.”

ಈ ಮಾತಿಗೆ ಇನ್ನೂರು ವರ್ಷ ವಯಸ್ಸಾಗಿದೆ. ಇದನ್ನು ಪ್ಯಾರಿಸ್ಸಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದವನು ನಮ್ಮ ಪಕ್ಕದ ಗೋವೆಯವನು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಕಾರವಾರದಿಂದಲೋ ಬೆಳಗಾವಿಯಿಂದಲೋ ಪಣಜಿಗೆ ಹೋದವರು ಮಾಂಡೋವಿ ನದಿಯ ದಂಡೆಯಲ್ಲಿ, ಹಳೆಯ ಸೆಕ್ರೆಟರಿಯೇಟ್ ಕಟ್ಟಡದ ಪಕ್ಕ ಒಂದು ಪ್ರತಿಮೆ ನೋಡಿರುತ್ತೀರಿ. ನಿಲುವಂಗಿ ತೊಟ್ಟವನೊಬ್ಬ ಎರಡೂ ಕೈ ಚಾಚಿ ಬಾಗಿದ್ದಾನೆ, ಎದುರಿಗೆ ಒಬ್ಬಳು ಹೆಂಗಸು ಹಿಂದಕ್ಕೆ ಒರಗಿ ಬೀಳುತ್ತಿದ್ದಾಳೆ. ದೆವ್ವ ಬಿಡಿಸುತ್ತಿರಬೇಕು ಎಂದುಕೊಂಡು ಫೋಟೋ ತೆಗೆಸಿಕೊಂಡು ಬರುವವರು ಬಹಳ. ಆತ ಅಬ್ಬೆ ಫರಿಯಾ. ಪೂರ್ತಿ ಹೆಸರು ಜೋಸೆ ಕಸ್ಟೋಡಿಯೋ ಡಿ ಫರಿಯಾ. ಹುಟ್ಟಿದ್ದು 1756ರಲ್ಲಿ, ಕಾಂದೋಳಿಯಲ್ಲಿ. ಅವನ ಅಪ್ಪ ಅಮ್ಮನದೇ ಒಂದು ಕತೆ. ಇಬ್ಬರಿಗೂ ಕೂಡಿ ಬಾಳುವುದಾಗಲಿಲ್ಲ. ಚರ್ಚಿನ ಅನುಮತಿ ಪಡೆದು ಬೇರೆಯಾದರು. ಆಕೆ ಕ್ರೈಸ್ತ ಸನ್ಯಾಸಿನಿಯಾದಳು, ಆತ ಪಾದ್ರಿಯಾದ. ಅಪ್ಪ ಮಗನನ್ನು ಕರೆದುಕೊಂಡು 1771ರಲ್ಲಿ ಲಿಸ್ಬನ್ನಿಗೆ ಹಡಗು ಹತ್ತಿದ. ಹುಡುಗ ಮುಂದೆ ರೋಮಿನಲ್ಲಿ ಓದಿ ತಾನೂ ಪಾದ್ರಿಯಾದ.

ಗೋವೆಯಲ್ಲಿ ಎಲ್ಲರೂ ಹೇಳುವ ಕತೆಯೊಂದು ಇಲ್ಲಿ ಬರುತ್ತದೆ. ಲಿಸ್ಬನ್ನಿನ ಅರಮನೆಯ ಚರ್ಚಿನಲ್ಲಿ ರಾಣಿಯ ಮುಂದೆ ಫರಿಯಾ ಉಪದೇಶ ಮಾಡಬೇಕು. ವೇದಿಕೆ ಹತ್ತಿದ, ಕೆಳಗೆ ಕೂತ ಗಣ್ಯರನ್ನು ನೋಡಿದ, ನಾಲಗೆ ಒಣಗಿ ನಿಂತುಬಿಟ್ಟ. ಆಗ ಕೆಳಗಿನಿಂದ ಅಪ್ಪ ಮೆಲ್ಲಗೆ ಕೊಂಕಣಿಯಲ್ಲಿ ಹೇಳಿದನಂತೆ, ಇವರೆಲ್ಲ ಬರೀ ತರಕಾರಿ ಕಣೋ, ಹೆಚ್ಚಿಹಾಕು ಎಂದು. ಅಷ್ಟೇ, ಮಗನ ಬಾಯಿ ಬಿಚ್ಚಿತು, ಮಾತು ಹರಿಯಿತು. ಒಂದು ಮಾತು ಮನುಷ್ಯನ ಒಳಗೆ ಇಳಿದು ಇಂಥ ಕೆಲಸ ಮಾಡಬಹುದಾದರೆ ಆ ಒಳಗು ಎಂಥದ್ದಿರಬೇಕು ಎಂಬ ಯೋಚನೆ ಅವನಿಗೆ ಅಂದೇ ಹತ್ತಿತೆಂದು ಗೋವೆಯವರು ನಂಬುತ್ತಾರೆ. ನನಗೂ ನಂಬುವ ಆಸೆ. ಸಭೆಯೆದುರು ನಿಂತು ಬೆವರಿದವರಿಗೆಲ್ಲ ಅದೇ ಆಸೆ ಇದ್ದೀತು.

ಫರಿಯಾನ ಮಾತಿನ ತೂಕ ತಿಳಿಯಬೇಕಾದರೆ ಅವನಿಗಿಂತ ಮುಂಚೆ ಪ್ಯಾರಿಸ್ಸಿನಲ್ಲಿ ನಡೆದದ್ದನ್ನು ಸ್ವಲ್ಪ ಹೇಳಬೇಕು. ಫ್ರಾನ್ಸ್ ಆಂಟನ್ ಮೆಸ್ಮರ್ ಎಂಬ ವೈದ್ಯ 1778ರಲ್ಲಿ ವಿಯೆನ್ನಾದಿಂದ ಬಂದು ಅಲ್ಲಿ ನೆಲೆ ನಿಂತ. ಲೋಕವನ್ನೆಲ್ಲ ತುಂಬಿಕೊಂಡ ಅಯಸ್ಕಾಂತದಂಥ ಒಂದು ದ್ರವ ಇದೆ, ಅದು ನಮ್ಮ ಮೈಯಲ್ಲಿ ಸರಿಯಾಗಿ ಹರಿಯದಿದ್ದರೆ ಕಾಯಿಲೆ, ಹರಿಯುವಂತೆ ಮಾಡುವುದು ತನಗೆ ಗೊತ್ತು ಎಂಬುದು ಅವನ ವಾದ. ದೊಡ್ಡದೊಂದು ತೊಟ್ಟಿ, ಅದರಿಂದ ಹೊರಚಾಚಿದ ಕಬ್ಬಿಣದ ಸಲಾಕೆಗಳು, ಸುತ್ತ ಕೂತು ಅವನ್ನು ನೋವಿನ ಜಾಗಕ್ಕೆ ಒತ್ತಿಕೊಳ್ಳುವ ಸಿರಿವಂತರು, ಹಿನ್ನೆಲೆಯಲ್ಲಿ ಸಂಗೀತ. ಜನ ನಡುಗುತ್ತಿದ್ದರು, ಕೂಗುತ್ತಿದ್ದರು, ಎದ್ದು ಹಗುರಾಗಿ ಮನೆಗೆ ಹೋಗುತ್ತಿದ್ದರು. ನಮ್ಮಲ್ಲಿ ಮೈಮೇಲೆ ದೇವರು ಬರುವುದನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು.

ದೊರೆ ಹದಿನಾರನೆಯ ಲೂಯಿ 1784ರಲ್ಲಿ ವಿಚಾರಣಾ ಸಮಿತಿ ನೇಮಿಸಿದ. ಅದರಲ್ಲಿದ್ದವರ ಹೆಸರು ನೋಡಿ: ಮಿಂಚು ಹಿಡಿದ ಬೆಂಜಮಿನ್ ಫ್ರಾಂಕ್ಲಿನ್, ಆಧುನಿಕ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದ ಲವಾಸಿಯೇ, ಮುಂದೆ ತಲೆ ಕಡಿಯುವ ಯಂತ್ರಕ್ಕೆ ಹೆಸರು ಅಂಟಿಸಿಕೊಂಡ ಗಿಲೊಟಿನ್. ಫ್ರಾಂಕ್ಲಿನ್ ಆಗ ಪ್ಯಾಸಿ ಎಂಬಲ್ಲಿ ವಾಸ. ಅವರ ತೋಟದ ಒಂದು ಮರಕ್ಕೆ ಮೆಸ್ಮರನ ಶಿಷ್ಯ ತನ್ನ ಶಕ್ತಿ ತುಂಬಿದ. ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣು ಕಟ್ಟಿ ಬೇರೆ ಬೇರೆ ಮರಗಳ ಹತ್ತಿರ ಕರೆದೊಯ್ದರು. ಹುಡುಗ ಮೊದಲನೆಯ ಮರದಲ್ಲೇ ಬೆವರಿದ, ನಾಲ್ಕನೆಯದರ ಬಳಿ ಎಚ್ಚರ ತಪ್ಪಿ ಬಿದ್ದ. ಶಕ್ತಿ ತುಂಬಿದ ಮರ ಇನ್ನೂ ದೂರದಲ್ಲೇ ಇತ್ತು. ದ್ರವವೂ ಇಲ್ಲ ಏನೂ ಇಲ್ಲ, ಎಲ್ಲ ಕಲ್ಪನೆ ಎಂದು ಸಮಿತಿ ವರದಿ ಕೊಟ್ಟು ಕೈತೊಳೆದುಕೊಂಡಿತು.

ಪರೀಕ್ಷೆ ಅದ್ಭುತವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಬುದ್ಧಿವಂತರು ಅಲ್ಲಿಗೇ ಏಕೆ ನಿಂತರು? ಕಲ್ಪನೆಯೊಂದು ಹುಡುಗನನ್ನು ನೆಲಕ್ಕೆ ಬೀಳಿಸುತ್ತದೆ ಎಂದರೆ ಆ ಕಲ್ಪನೆಯ ಬಗ್ಗೆಯಲ್ಲವೇ ಇನ್ನೊಂದು ಸಮಿತಿ ಕೂರಬೇಕಾದದ್ದು? ಆ ಪ್ರಶ್ನೆಯನ್ನು ಎತ್ತಿಕೊಂಡವನು ಫರಿಯಾ. 1813ರಲ್ಲಿ ಪ್ಯಾರಿಸ್ಸಿನಲ್ಲಿ ಸಾರ್ವಜನಿಕ ತರಗತಿಗಳನ್ನು ಶುರುಮಾಡಿದ. ತೊಟ್ಟಿಯಿಲ್ಲ, ಸಲಾಕೆಯಿಲ್ಲ. ಬಂದವರನ್ನು ಆರಾಮಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ನಿದ್ದೆಯನ್ನು ನೆನೆಯಲು ಹೇಳಿ, ಕೊನೆಗೆ ‘ಮಲಗು’ ಎಂದು ಅಪ್ಪಣೆ ಕೊಡುತ್ತಿದ್ದ. ಮಲಗಿದವರು ಮಲಗುತ್ತಿದ್ದರು. ಮಲಗದವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಏಕೆಂದರೆ ನನ್ನಿಂದ ನಿಮಗೆ ಹರಿಯುವಂಥದ್ದು ಏನೂ ಇಲ್ಲ, ಎಲ್ಲ ಇರುವುದು ನಿಮ್ಮಲ್ಲೇ ಎಂಬುದು ಅವನ ನಿಲುವು. ನಗರಕ್ಕೆ ಇದು ಹಿಡಿಸಲಿಲ್ಲ. ನಾಟಕದವರು ಗೇಲಿ ಮಾಡಿದರು, ಸ್ವಂತ ಚರ್ಚಿನವರು ಅನುಮಾನಿಸಿದರು. 1819ರಲ್ಲಿ, ಅವನ ಪುಸ್ತಕ ಅಚ್ಚಾದ ವರ್ಷವೇ, ತೀರಿಕೊಂಡ. ಆಮೇಲೆ ಅಲೆಕ್ಸಾಂಡರ್ ಡ್ಯೂಮಾ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೋ’ದಲ್ಲಿ ಅದೇ ಹೆಸರಿನ ಪಾದ್ರಿಯನ್ನು ಸೆರೆಮನೆಯಲ್ಲಿ ಕೂರಿಸಿ ಅಮರನನ್ನಾಗಿಸಿದ, ಆದರೆ ಕಾದಂಬರಿಯಲ್ಲಿ ಅವನು ಇಟಲಿಯವನು. ಕಾಂದೋಳಿ ಅಲ್ಲಿಂದ ಮಾಯ!

ಪಣಜಿಯ ಪ್ರತಿಮೆಯ ವಿಚಾರ ಇನ್ನೂ ಮುಗಿದಿಲ್ಲ. 1945ರಲ್ಲಿ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತರು ಮಾಡಿದ್ದು ಅದು. ಕೆಲಸ ನಿಜಕ್ಕೂ ಸೊಗಸು. ಆದರೂ ಅದರ ಮುಂದೆ ನಿಂತಾಗಲೆಲ್ಲ ಮನಸ್ಸು ಕಸಿವಿಸಿಗೊಳ್ಳುತ್ತದೆ. ಅಲ್ಲಿ ಬಲವೆಲ್ಲ ಫರಿಯಾನ ಬೆರಳುಗಳಲ್ಲಿದೆ. ಆ ಹೆಂಗಸು ಗಾಳಿಗೆ ಒರಗಿದ ಬಳ್ಳಿ. ಅವನು ಜೀವವಿಡೀ ಅಲ್ಲಗಳೆದದ್ದನ್ನೇ ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಾರಲ್ಲ ಅನಿಸುತ್ತದೆ.

ಅಪ್ಪಣೆ ಕೊಟ್ಟರೂ ಮಲಗದವರ ಮಾತು ಬಂತಲ್ಲ, ವಿರಾಟನ ಊರಿನ ಗೋಗ್ರಹಣ ನೆನಪಾಗುತ್ತದೆ. ಬೃಹನ್ನಳೆಯ ವೇಷ ಕಳಚಿ ಅರ್ಜುನ ಸಮ್ಮೋಹನಾಸ್ತ್ರ ಹೂಡುತ್ತಾನೆ, ಕೌರವ ಸೇನೆಗೆ ಸೇನೆಯೇ ನಿಂತಲ್ಲೇ ಮೈಮರೆಯುತ್ತದೆ. ಉತ್ತರೆ ಗೊಂಬೆಗಳಿಗೆ ಬಣ್ಣದ ಬಟ್ಟೆ ತರಲು ಹೇಳಿ ಕಳಿಸಿದ್ದಾಳೆ. ಹೋಗಿ ಅವರ ಉತ್ತರೀಯ ಬಿಚ್ಚಿ ತಾ ಎಂದು ಅರ್ಜುನ ಉತ್ತರನನ್ನು ಕಳಿಸುತ್ತಾನೆ. ಕಳಿಸುವಾಗ ಒಂದು ಎಚ್ಚರಿಕೆ ಹೇಳುತ್ತಾನೆ, ನೆನಪಿದೆಯೇ? ಭೀಷ್ಮನ ಹತ್ತಿರ ಮಾತ್ರ ಹೋಗಬೇಡ, ಅವನಿಗೆ ಈ ಅಸ್ತ್ರದ ಪ್ರತಿವಿದ್ಯೆ ಗೊತ್ತು, ಅವನು ಎಚ್ಚರವಾಗಿಯೇ ಇದ್ದಾನೆ. ಅಷ್ಟು ದೊಡ್ಡ ಸೇನೆಯಲ್ಲಿ ಕಣ್ಣು ತೆರೆದು ನಿಂತ ಆ ಮುದುಕ ನನಗೆ ಬಹಳ ಇಷ್ಟ. 1959ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ನೆಸ್ಟ್ ಹಿಲ್ಗಾರ್ಡ್ ಮತ್ತು ಆಂಡ್ರೆ ವೈಟ್ಸೆನ್‌ಹಾಫರ್ ಯಾರು ಎಷ್ಟು ಸುಲಭವಾಗಿ ಸಮ್ಮೋಹನಕ್ಕೆ ಒಳಗಾಗುತ್ತಾರೆಂದು ಅಳೆಯುವ ಮಾಪನಗಳನ್ನು ಸಿದ್ಧಪಡಿಸಿದರು. ಚಾಚಿದ ಕೈ ಭಾರವಾಗುತ್ತಿದೆ ಎಂದಾಗ ಕೆಲವರ ಕೈ ನಿಜವಾಗಿ ಇಳಿದುಬಿಡುತ್ತದೆ, ಕೆಲವರದು ಅಲುಗುವುದಿಲ್ಲ, ಬಹುಪಾಲು ಜನ ನಡುವೆ ಎಲ್ಲೋ ಇರುತ್ತಾರೆ. ಇಳಿಯದವರು ಭಾರೀ ಮನೋಬಲದವರು, ಇಳಿದವರು ದುರ್ಬಲರು ಎಂದುಕೊಳ್ಳಬೇಡಿ. ಕಾದಂಬರಿ ಓದುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯದಷ್ಟು ಅದರೊಳಗೆ ಹೋಗಿಬಿಡುವವರಿದ್ದಾರಲ್ಲ, ಸಮ್ಮೋಹನ ಬೇಗ ಹತ್ತುವುದು ಸಾಮಾನ್ಯವಾಗಿ ಅಂಥವರಿಗೆ. ಅದೊಂದು ಸಾಮರ್ಥ್ಯವೇ.

ಆ ಸಾಮರ್ಥ್ಯ ಎಲ್ಲಿಯವರೆಗೆ ಹೋಗಬಹುದೆಂದು ತೋರಿಸಿದ್ದು ಬಂಗಾಳದ ಹೂಗ್ಲಿ. ಕಂಪನಿ ಸರ್ಕಾರದ ಸ್ಕಾಟಿಷ್ ಶಸ್ತ್ರವೈದ್ಯ ಜೇಮ್ಸ್ ಎಸ್‌ಡೇಲ್ 1845ರಲ್ಲಿ ಅಲ್ಲಿ ಒಬ್ಬ ಕೈದಿಗೆ ಮೊದಲ ಬಾರಿ ಈ ವಿದ್ಯೆ ಪ್ರಯೋಗಿಸಿ ನೋಡಿದ. ಮತ್ತು ಬರಿಸುವ ಔಷಧಿ ಇನ್ನೂ ಬಾರದ ಕಾಲ. ಆನೆಕಾಲು ರೋಗದಿಂದ ಬೆಳೆದ ಭಾರೀ ಗಡ್ಡೆಗಳನ್ನು ಅವನು ಸಮ್ಮೋಹನದ ನಿದ್ದೆಯಲ್ಲೇ ಕೊಯ್ದು ತೆಗೆದ. ಮರುವರ್ಷ ಕಲ್ಕತ್ತೆಯಲ್ಲಿ ಅದಕ್ಕೆಂದೇ ಆಸ್ಪತ್ರೆ ಸಿಕ್ಕಿತು. ನನ್ನನ್ನು ಕಾಡುವುದು ಎಸ್‌ಡೇಲ್‌ಗಿಂತ ಅವನ ಸಹಾಯಕರು. ಕತ್ತಲೆ ಮಾಡಿದ ಕೋಣೆಯಲ್ಲಿ ರೋಗಿಯ ತಲೆಯ ಬಳಿ ಕೂತು, ಮೈಮೇಲೆ ನಿಧಾನವಾಗಿ ಕೈಯಾಡಿಸುತ್ತ, ಗಂಟೆಗಟ್ಟಲೆ ನಿದ್ದೆ ಬರಿಸುತ್ತಿದ್ದವರು ಆ ನಾಡಿನ ಹುಡುಗರು. ಬಿಳಿಯ ವೈದ್ಯ ಬಂದು ಕತ್ತಿ ಹಿಡಿಯುವಷ್ಟರಲ್ಲಿ ಅರ್ಧ ಕೆಲಸ ಅವರು ಮುಗಿಸಿರುತ್ತಿದ್ದರು. ಅವರಿಗೆ ಯಾವ ಊರಿನಲ್ಲೂ ಪ್ರತಿಮೆ ಇಲ್ಲ. 1846ರ ಅಕ್ಟೋಬರಿನಲ್ಲಿ ಬೋಸ್ಟನ್ನಿನಲ್ಲಿ ಈಥರ್ ಬಂತು, ಮರುವರ್ಷ ಕ್ಲೋರೋಫಾರ್ಮ್. ನಿಮಿಷಗಳಲ್ಲಿ, ಭೀಷ್ಮನಂಥವರನ್ನೂ ಮಲಗಿಸುವ ಔಷಧಿ ಬಂದ ಮೇಲೆ ತಲೆಯ ಬಳಿ ಕೂರುವವರು ಯಾರಿಗೆ ಬೇಕು? ಬರಬೇಕಾದದ್ದೇ ಬಂತು. ಆದರೂ ಹಾಗೆ ಕೂರುವವರು ಹೋದದ್ದರಿಂದ ಏನೋ ಕಳೆಯಿತು.

ಔಷಧಿ ಎಂದ ಕೂಡಲೇ ನಾರ್ಕೋ ಪರೀಕ್ಷೆ ನಿಮ್ಮ ತಲೆಗೆ ಬಂದಿರಬೇಕು. ಪತ್ರಿಕೆಗಳಲ್ಲಿ ಒಂದು ಕಾಲಕ್ಕೆ ಅದರದೇ ಸುದ್ದಿ. ಅದು ಸಮ್ಮೋಹನವಲ್ಲ, ಪೆಂಟೋಥಾಲ್ ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತಾಡಿಸುವುದು; ಆದರೆ ಅದರ ಹಿಂದಿನ ನಂಬಿಕೆ ನಮ್ಮ ಮಾತಿಗೆ ಹತ್ತಿರದ್ದು. ಒಳಮನಸ್ಸಿನಲ್ಲಿ ಎಲ್ಲವೂ ಇದ್ದದ್ದು ಇದ್ದ ಹಾಗೆ ದಾಖಲಾಗಿದೆ, ಬಾಗಿಲು ತೆರೆದರೆ ಸತ್ಯ ಹೊರಗೆ ಬೀಳುತ್ತದೆ ಎಂಬ ನಂಬಿಕೆ. 2010ರ ಮೇ ತಿಂಗಳಲ್ಲಿ, ನಮ್ಮ ರಾಜ್ಯದ ಹೆಸರು ಹೊತ್ತ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಹೀಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಳ್ಳೆಯ ತೀರ್ಪು. ನೆನಪು ಕ್ಯಾಮೆರಾದ ರೀಲಲ್ಲ. ಕರೆದಾಗಲೆಲ್ಲ ಹೊಸದಾಗಿ ಕಟ್ಟಿಕೊಂಡು ಬರುತ್ತದೆ. ಸಮ್ಮೋಹನದಲ್ಲಿ ನೆನಪಾದದ್ದರ ಮೇಲೆ ಜನಕ್ಕೆ ಭರವಸೆ ಹೆಚ್ಚುತ್ತದೆ, ಅದು ನಿಜವಾಗಿರುವ ಸಾಧ್ಯತೆ ಮಾತ್ರ ಅದರ ಜೊತೆ ಹೆಚ್ಚುವುದಿಲ್ಲ. ಹೋದ ಜನ್ಮದಲ್ಲಿ ನೀವು ಯಾರಾಗಿದ್ದಿರಿ ಎಂದು ದುಡ್ಡು ತೆಗೆದುಕೊಂಡು ಹೇಳುವವರ ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆ ಇದು ನೆನಪಿರಲಿ. ನೋವಿಗೆ, ಹೆದರಿಕೆಗೆ, ಹೊಟ್ಟೆಯ ತೊಂದರೆಗೆ ಸಮ್ಮೋಹನದಿಂದ ಉಪಕಾರವಿದೆ; ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ ತಂಡ ಕೆರಳುವ ಕರುಳಿನ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 1984ರಲ್ಲೇ ತೋರಿಸಿತು. ಉಪಕಾರ ಇರುವ ಕಡೆ ಅದನ್ನು ಬಳಸೋಣ.

ಇಷ್ಟಾದ ಮೇಲೂ ಈ ಒಳಮನಸ್ಸು ಅನ್ನುವುದು ಏನು? ಫ್ರಾಯ್ಡ್ ಸಮ್ಮೋಹನ ಕಲಿತವರೇ. ಪ್ಯಾರಿಸ್ಸಿಗೂ ನಾನ್ಸಿಗೂ ಹೋಗಿ ಗುರುಗಳನ್ನು ಕಂಡು ಬಂದವರು. ಆಮೇಲೆ ಆ ವಿದ್ಯೆ ಬಿಟ್ಟರು, ಅದರ ಮಂಚ ಮಾತ್ರ ಉಳಿಸಿಕೊಂಡರು. ಅವರು ಒಳಗೆ ಕಂಡದ್ದು ಅದುಮಿಟ್ಟ ಆಸೆಗಳನ್ನು, ಭಯಗಳನ್ನು. ಅಮೆರಿಕದ ಮಿಲ್ಟನ್ ಎರಿಕ್ಸನ್ ಬೇರೆಯೇ ಹೇಳಿದರು. ನಾವು ಕಲಿತು ಮರೆತದ್ದೆಲ್ಲ ಅಲ್ಲಿ ಇದೆ, ನಮಗೆ ಬೇಕಾದಾಗ ಒದಗುವುದಕ್ಕೆ ಕಾದಿದೆ ಎಂಬುದು ಅವರ ನಂಬಿಕೆ. ರಂಗೋಲಿ ಹಾಕುವ ಕೈಗೆ ಚುಕ್ಕಿಯ ಲೆಕ್ಕ ಯಾರು ಹೇಳಿಕೊಡುತ್ತಾರೆ? ನಾನು ಎರಿಕ್ಸನ್ ಪಕ್ಷ.

ಅವರಿಗೆ ಈ ನಂಬಿಕೆ ಬಂದದ್ದು ಪುಸ್ತಕದಿಂದಲ್ಲ. 1901ರಲ್ಲಿ ಹುಟ್ಟಿದ ಹೊಲದ ಮನೆಯ ಹುಡುಗ. ಹದಿನೇಳನೆಯ ವಯಸ್ಸಿಗೆ ಪೋಲಿಯೋ ಬಡಿಯಿತು. ಹುಡುಗ ಬೆಳಗಿನವರೆಗೆ ಉಳಿಯುವುದಿಲ್ಲ ಎಂದು ವೈದ್ಯರು ಪಕ್ಕದ ಕೋಣೆಯಲ್ಲಿ ತಾಯಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು. ಒಬ್ಬ ತಾಯಿಗೆ ಹಾಗೆ ಹೇಳುವುದೇ ಎಂದು ಸಿಟ್ಟು ಬಂತು. ಕನ್ನಡಿ ಮೇಜನ್ನು ಹೀಗೆ ತಿರುಗಿಸು ಎಂದು ಅಮ್ಮನಿಗೆ ಹೇಳಿದ. ಜ್ವರದ ಗುಂಗು ಅಂದುಕೊಂಡು ಆಕೆ ತಿರುಗಿಸಿದಳು. ಸಾಯುವುದೇ ಆದರೆ ಇನ್ನೊಂದು ಸೂರ್ಯಾಸ್ತ ನೋಡದೆ ಸಾಯುವುದಿಲ್ಲ ಎಂಬುದು ಅವನ ಹಟ. ನೋಡಿದ. ಕಿಟಕಿಯಾಚೆ ಇದ್ದ ಬೇಲಿ, ಬಂಡೆ ಯಾವುದೂ ಅವನಿಗೆ ಕಾಣಲಿಲ್ಲವಂತೆ, ಬರೀ ಸೂರ್ಯ. ಆಮೇಲೆ ಮೂರು ದಿನ ಎಚ್ಚರವಿಲ್ಲ. ಉಳಿದ, ಆದರೆ ಕೈಕಾಲು ಆಡದು. ತೂಗುವ ಕುರ್ಚಿಯಲ್ಲಿ ಕೂರಿಸಿ ಮನೆಯವರು ಕೆಲಸಕ್ಕೆ ಹೋದಾಗ, ಕಿಟಕಿಯ ಹತ್ತಿರ ಇದ್ದಿದ್ದರೆ ಹೊಲವಾದರೂ ಕಾಣುತ್ತಿತ್ತು ಎಂದು ಆಸೆಪಟ್ಟ. ಕುರ್ಚಿ ತುಸು ತೂಗಿತು. ಯಾರು ತೂಗಿದ್ದು? ಆಸೆಯೇ ಸತ್ತ ಸ್ನಾಯುವಿನ ಯಾವುದೋ ಎಳೆಯನ್ನು ಮುಟ್ಟಿತ್ತು. ಅಲ್ಲಿಂದ ಹಿಡಿದು, ಆಗಷ್ಟೇ ಎದ್ದು ನಿಲ್ಲಲು ಕಲಿಯುತ್ತಿದ್ದ ಪುಟ್ಟ ತಂಗಿ ಹೆಜ್ಜೆ ಹೇಗೆ ಇಡುತ್ತಾಳೆಂದು ದಿನವೂ ನೋಡಿ ನೋಡಿ, ಮತ್ತೆ ನಡೆಯಲು ಕಲಿತ.

ಮುಂದೆ ಮನೋವೈದ್ಯರಾಗಿ ಸಮ್ಮೋಹನಕ್ಕೇ ಬಾಳು ಕೊಟ್ಟವರು ರೋಗಿಗಳಿಗೆ ಕತೆ ಹೇಳುತ್ತಿದ್ದರು. ಅವರು ಹುಡುಗನಾಗಿದ್ದಾಗ ಊರಿಗೆ ಗುರುತಿಲ್ಲದ ಕುದುರೆಯೊಂದು ದಾರಿ ತಪ್ಪಿ ಬಂತಂತೆ. ಇವರು ಏರಿ ಕೂತರು. ಹುಲ್ಲು ಮೇಯಲು ಪಕ್ಕಕ್ಕೆ ಸರಿದಾಗ ಮಾತ್ರ ಮತ್ತೆ ರಸ್ತೆಗೆ ತಿರುಗಿಸುವುದು, ಉಳಿದಂತೆ ಲಗಾಮು ಸಡಿಲ. ಕುದುರೆ ನೇರ ಅದರ ಯಜಮಾನನ ಮನೆಯಂಗಳಕ್ಕೆ ಹೋಯಿತು. ನಮ್ಮದೆಂದು ಹೇಗೆ ಗೊತ್ತಾಯಿತು ಎಂದು ಅವನು ಕೇಳಿದ್ದಕ್ಕೆ ಇವರ ಉತ್ತರ, ನನಗೆಲ್ಲಿ ಗೊತ್ತು, ಕುದುರೆಗೆ ಗೊತ್ತಿತ್ತು.

ಮಿಲ್ವಾಕಿ ನಗರದ ಒಬ್ಬ ಒಂಟಿ ಹೆಂಗಸಿನದು ಇನ್ನೂ ಚೆಂದ. ದೊಡ್ಡ ಮನೆ, ಬೇಕಾದಷ್ಟು ಹಣ, ಚರ್ಚಿಗೆ ಬಿಟ್ಟರೆ ಎಲ್ಲಿಗೂ ಹೋಗದ ಖಿನ್ನತೆ. ಎರಿಕ್ಸನ್ ಮನೆಯೆಲ್ಲ ಸುತ್ತಾಡಿ ನೋಡಿದರು. ಒಂದು ಕಡೆ ಆಫ್ರಿಕನ್ ವಯೊಲೆಟ್ ಹೂವಿನ ಕುಂಡಗಳು ನಳನಳಿಸುತ್ತಿದ್ದವು. ಬಹಳ ನಾಜೂಕಿನ ಗಿಡ ಅದು. ದುಃಖದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇನ್ನಷ್ಟು ಕುಂಡ ತಂದು ಬೆಳೆಸಿ, ನಿಮ್ಮ ಚರ್ಚಿನವರ ಮನೆಯಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ, ಯಾರಾದರೂ ಮಲಗಿದರೆ, ತೀರಿಕೊಂಡರೆ ಒಂದೊಂದು ಗಿಡ ಕೊಟ್ಟು ಬನ್ನಿ ಎಂದರು. ಎಷ್ಟೋ ವರ್ಷಗಳ ಮೇಲೆ ಆಕೆ ತೀರಿಕೊಂಡಾಗ ಊರಿನ ಪತ್ರಿಕೆ ಆಕೆಯನ್ನು ವಯೊಲೆಟ್ ರಾಣಿ ಎಂದು ಕರೆಯಿತಂತೆ, ದುಃಖಿಸಿದವರು ಸಾವಿರಾರು ಮಂದಿಯಂತೆ. ಇದರಲ್ಲಿ ಸಮ್ಮೋಹನ ಎಲ್ಲಿದೆ ಎಂದು ಶಿಷ್ಯರು ಇವತ್ತಿಗೂ ಜಗಳವಾಡುತ್ತಾರೆ. ಆಡಲಿ ಬಿಡಿ.

ಹಟ ಹಿಡಿಯುವವರಿಗೆ ಏನು ಮಾಡುವುದು ಎಂದರೆ ಕರುವಿನ ಕತೆ. ಚಳಿಗಾಲದಲ್ಲಿ ಎರಿಕ್ಸನ್‌ರ ಅಪ್ಪ ಒಂದು ಕರುವನ್ನು ಕೊಟ್ಟಿಗೆಗೆ ಎಳೆಯುತ್ತಿದ್ದ, ಅದು ಕಾಲೂರಿ ನಿಂತಿತ್ತು. ಮಗ ನಕ್ಕ. ನೀನೇ ಎಳಿ ನೋಡೋಣ ಎಂದ ಅಪ್ಪ. ಹುಡುಗ ಹಿಂದೆ ಹೋಗಿ ಬಾಲ ಹಿಡಿದು ಹೊರಕ್ಕೆ ಜಗ್ಗಿದ. ಕರು ಅವನನ್ನೂ ಎಳೆದುಕೊಂಡು ಕೊಟ್ಟಿಗೆಗೆ ನುಗ್ಗಿತು. ನನಗೆ ನಿದ್ದೆ ಹತ್ತುವುದೇ ಇಲ್ಲ ಎಂದು ಬಿಗಿಯಾಗಿ ಕೂತವರಿಗೆ ಅವರು ಇದನ್ನೇ ಮಾಡುತ್ತಿದ್ದರು, ಈಗಲೇ ಕಣ್ಣು ಮುಚ್ಚಬೇಡಿ, ಇನ್ನೂ ಸ್ವಲ್ಪ ತಡೆಯಿರಿ ಎನ್ನುತ್ತಿದ್ದರು. ದನ ಸಾಕಿದ ನಮ್ಮವರಿಗೆ ಬಾಲದ ಮರ್ಮ ಹೊಸದೇನಲ್ಲ. ದನವಿಲ್ಲದ ಮನೆಯಲ್ಲೂ ಅಮ್ಮಂದಿರಿಗೆ ಅದು ಗೊತ್ತು. ಬಾಯಿ ಬಿಗಿದ ಮಗುವಿನ ಮುಂದೆ ತುತ್ತು ಹಿಡಿದು, “ನೀನು ತಿನ್ಬೇಡ ಬಂಗಾರಿ, ಇದು ಕಾಗೆಗೆ, ಇದು ಗುಬ್ಬಿಗೆ, ಇದು ಪಕ್ಕದ್ಮನೆ ಪುಟ್ಟಿಗೆ” ಅಂದರೆ ಸಾಕು, ಪುಟ್ಟಿಯ ಹೆಸರು ಮುಗಿಯುವ ಮೊದಲೇ ಬಾಯಿ ಅಗಲವಾಗಿ ತೆರೆದಿರುತ್ತದೆ. ಎರಿಕ್ಸನ್‌ಗೆ ಎಂಟು ಮಕ್ಕಳು. ಅವರ ಮನೆಯಲ್ಲಿ ತುತ್ತನ್ನು ಯಾವ ಹಕ್ಕಿಯ ಹೆಸರು ಹೇಳಿ ಹಾಕುತ್ತಿದ್ದರೋ, ಯಾರಾದರೂ ಕೇಳಿ ಬರೆದಿಟ್ಟಿದ್ದರೆ ಚೆನ್ನಾಗಿತ್ತು.